ಗಡಿಯಾಚೆ ಫೋನು: ನಂಬರು ಇಲ್ಲಿಯದು, ಡೇಟಾ ಅಲ್ಲಿಯದು

ಪ್ರಶ್ನೆ: ನನ್ನ ತಂದೆಗೆ 68, ತಾಯಿಗೆ 63 ವರ್ಷ. ಊರಿನ ಹದಿನೆಂಟು ಮಂದಿಯ ಜೊತೆ ಬರುವ ತಿಂಗಳು ಮುಕ್ತಿನಾಥ ಯಾತ್ರೆಗೆ ಹೊರಟಿದ್ದಾರೆ. ಗೋರಖ್‌ಪುರದವರೆಗೆ ರೈಲು, ಆಮೇಲೆ ಸುನೌಲಿಯಲ್ಲಿ ಗಡಿ ದಾಟಿ ಲುಂಬಿನಿ, ಪೋಖರಾ, ಜೋಮ್‌ಸೋಮ್, ಮುಕ್ತಿನಾಥ, ಕಡೆಗೆ ಕಠ್ಮಂಡುವಿನ ಪಶುಪತಿನಾಥ. ನೇಪಾಳದಲ್ಲಿ ಒಟ್ಟು 12 ದಿನ ಇರುತ್ತಾರೆ. ತಂದೆಯ ಬಳಿ ಎರಡು ಸಿಮ್‌ ಹಾಕಬಹುದಾದ ಸ್ಮಾರ್ಟ್‌ಫೋನ್ ಇದೆ, ತಾಯಿಯ ಬಳಿ ಕೀಪ್ಯಾಡ್ ಫೋನ್. ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿ ಕಳಿಸಬೇಕೋ, ಅಲ್ಲಿಯ ಸಿಮ್ ಕೊಳ್ಳಲು ಹೇಳಬೇಕೋ ತಿಳಿಯುತ್ತಿಲ್ಲ. ಖರ್ಚು ಕಡಿಮೆಯಾಗಬೇಕು, ಆದರೆ ದಿನಕ್ಕೊಮ್ಮೆ ಅವರ ದನಿ ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.
— ಓದುಗರು, ಹಾಸನ

ಉತ್ತರ: ರೋಮಿಂಗೋ ಸ್ಥಳೀಯ ಸಿಮ್ಮೋ ಎಂದು ಎರಡರಲ್ಲಿ ಒಂದನ್ನು ಆರಿಸುವ ಅಗತ್ಯ ನಿಮಗಿಲ್ಲ. ಪ್ರಯಾಣದಲ್ಲಿ ನಮ್ಮ ಫೋನು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಬ್ಯಾಂಕಿನ ಒಟಿಪಿ ಬರುವುದು, ಊರಿನವರು ನಮ್ಮನ್ನು ಗುರುತಿಸುವುದು ನಂಬರಿನ ಕೆಲಸ. ವಾಟ್ಸ್‌ಆ್ಯಪ್‌ನಲ್ಲಿ ಮಾತಾಡುವುದು, ಫೋಟೊ ಕಳಿಸುವುದು, ದಾರಿ ನೋಡುವುದು ಡೇಟಾದ ಕೆಲಸ. ಎರಡನ್ನೂ ಭಾರತದ ಒಂದೇ ಸಿಮ್ಮಿನಿಂದ ಮಾಡಿಸಲು ಹೋದಾಗ ಖರ್ಚು ಏರುತ್ತದೆ. ಭಾರತದ ಸಿಮ್ಮನ್ನು ನಂಬರಿಗೆ ಮಾತ್ರ ಜೀವಂತವಾಗಿಟ್ಟು, ಡೇಟಾವನ್ನು ನೇಪಾಳದ ಸಿಮ್ಮಿನಿಂದ ಪಡೆಯುವುದು 12 ದಿನಗಳ ಯಾತ್ರೆಗೆ ಎಲ್ಲಕ್ಕಿಂತ ಅಗ್ಗದ ಮತ್ತು ನೆಮ್ಮದಿಯ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ರೋಮಿಂಗ್ ಏಕೆ ದುಬಾರಿ ಎಂಬುದನ್ನು ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ನಿಮ್ಮ ತಂದೆಯವರ ಸಿಮ್ ಪೋಖರಾದಲ್ಲಿ ಅಲ್ಲಿನ ಕಂಪನಿಯ ಟವರಿಗೆ ಅತಿಥಿಯಾಗಿ ಸೇರುತ್ತದೆ. ಆ ಅತಿಥಿಯ ಖರ್ಚನ್ನು ಅಲ್ಲಿನ ಕಂಪನಿ ನಮ್ಮ ಕಂಪನಿಯಿಂದ ವಸೂಲು ಮಾಡುತ್ತದೆ, ನಮ್ಮ ಕಂಪನಿ ನಮ್ಮಿಂದ ವಸೂಲು ಮಾಡುತ್ತದೆ. ನೀವು ಹಾಸನದಿಂದ ಅವರ ಭಾರತದ ನಂಬರಿಗೆ ಕರೆ ಮಾಡಿದರೆ ನಿಮ್ಮ ಪಾಲಿಗೆ ಅದು ಊರೊಳಗಿನ ಕರೆಯೇ. ಆದರೆ ಆ ಕರೆಯನ್ನು ನೇಪಾಳದವರೆಗೆ ಒಯ್ಯುವ ವೆಚ್ಚ ಕರೆ ಎತ್ತಿಕೊಂಡವರ ಲೆಕ್ಕಕ್ಕೆ ಬೀಳುತ್ತದೆ. ಭಾರತದೊಳಗೆ ಒಳಬರುವ ಕರೆ ಉಚಿತವೆಂದು ರೂಢಿಯಾಗಿರುವ ಹಿರಿಯರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಆದ್ದರಿಂದ ಈ 12 ದಿನ ಹಳೆಯ ನಂಬರಿಗೆ ಸಾಮಾನ್ಯ ಕರೆ ಮಾಡಬೇಡಿ ಎಂದು ನೆಂಟರಿಷ್ಟರಿಗೆಲ್ಲ ಮೊದಲೇ ಹೇಳಿಬಿಡಿ.

ಹಾಗೆಂದು ಭಾರತದ ಸಿಮ್ಮನ್ನು ತೆಗೆದು ಪರ್ಸಿನಲ್ಲಿ ಇಟ್ಟುಕೊಳ್ಳುವುದೂ ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಕಠ್ಮಂಡುವಿಗೆ ಹೋದಾಗ ನಾನು ಹಾಗೆ ಮಾಡಿದ್ದೆ. ವಸತಿಗೃಹದಲ್ಲಿ ಕಾರ್ಡಿನಿಂದ ಹಣ ಕಟ್ಟಲು ಹೋದಾಗ ಒಟಿಪಿ ಬರಬೇಕಾದ ಸಿಮ್ ಫೋನಿನಲ್ಲಿರಲಿಲ್ಲ. ಅದನ್ನು ಹಾಕಿದರೂ ರೋಮಿಂಗ್ ಚಾಲೂ ಮಾಡಿಸದ ಕಾರಣ ಸಿಗ್ನಲ್ ಹಿಡಿಯಲಿಲ್ಲ. ಬೆಂಗಳೂರಿನಲ್ಲಿದ್ದ ಅಣ್ಣ ಬೇರೆ ದಾರಿಯಿಂದ ಹಣ ಹೊಂದಿಸಿಕೊಟ್ಟ. ವಯಸ್ಸಾದವರಿಗೆ ಆ ಪರಿಸ್ಥಿತಿ ಬರಬಾರದು. ರೋಮಿಂಗ್ ಸೌಲಭ್ಯ ಚಾಲೂ ಇದ್ದರೆ ಹೊರದೇಶದಲ್ಲಿ ಬರುವ ಎಸ್ಸೆಮ್ಮೆಸ್‌ಗೆ ನಮ್ಮ ಪ್ರಮುಖ ಕಂಪನಿಗಳು ಸಾಮಾನ್ಯವಾಗಿ ಹಣ ಹಿಡಿಯುವುದಿಲ್ಲ. ಹೊರಡುವ ಒಂದು ವಾರ ಮೊದಲೇ ಕಂಪನಿಯ ಆ್ಯಪ್‌ನಲ್ಲಿ ಅಥವಾ ಗ್ರಾಹಕ ಸೇವೆಗೆ ಕರೆ ಮಾಡಿ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಬರುವ ಮೆಸೇಜಿಗೆ ಶುಲ್ಕವಿಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳಿಕೊಳ್ಳಿ. ಕೆಲವು ಪ್ರಿಪೇಯ್ಡ್ ಸಂಪರ್ಕಗಳಲ್ಲಿ ಇದಕ್ಕೆ ಪ್ರತ್ಯೇಕ ರೀಚಾರ್ಜ್ ಬೇಕಾಗಬಹುದು. ಊರಿನ ಮಾಮೂಲಿ ಪ್ಲಾನಿನ ವ್ಯಾಲಿಡಿಟಿ 28 ದಿನದ್ದಾಗಿದ್ದು ಯಾತ್ರೆಯ ನಡುವೆ ಮುಗಿಯುವಂತಿದ್ದರೆ, ಅದನ್ನೂ ಈಗಲೇ ಮುಂದಕ್ಕೆ ಹಾಕಿಸಿ.

ಇನ್ನು ಡೇಟಾ. ನೇಪಾಳದಲ್ಲಿ ಮುಖ್ಯವಾಗಿ ಎರಡು ಕಂಪನಿಗಳಿವೆ: ಸರ್ಕಾರಿ ಒಡೆತನದ ನೇಪಾಳ ಟೆಲಿಕಾಂ ಮತ್ತು ಖಾಸಗಿಯಾದ ಎನ್‌ಸೆಲ್. ಕಠ್ಮಂಡು, ಪೋಖರಾಗಳಷ್ಟೇ ಆದರೆ ಯಾವುದನ್ನು ಕೊಂಡರೂ ನಡೆಯುತ್ತದೆ. ನಿಮ್ಮ ತಂದೆ-ತಾಯಿ ಹೋಗುತ್ತಿರುವುದು ಕಾಳಿಗಂಡಕಿಯ ಕಣಿವೆಯನ್ನು ಹಿಡಿದು, ಸಮುದ್ರಮಟ್ಟದಿಂದ 3,700 ಮೀಟರಿಗೂ ಎತ್ತರದಲ್ಲಿರುವ ಮುಕ್ತಿನಾಥಕ್ಕೆ. ಅಂಥ ಗುಡ್ಡಗಾಡಿನಲ್ಲಿ ನೇಪಾಳ ಟೆಲಿಕಾಂನ ಹರವು ಹೆಚ್ಚು ಎಂಬುದು ಅಲ್ಲಿ ಓಡಾಡುವವರ ಸಾಮಾನ್ಯ ಅನುಭವ, ಆದ್ದರಿಂದ ನಾನು ಅದನ್ನೇ ಸೂಚಿಸುತ್ತೇನೆ. ಯಾವ ಸಿಮ್ ಇದ್ದರೂ ಕಣಿವೆಯ ದಾರಿಯಲ್ಲಿ ಗಂಟೆಗಟ್ಟಲೆ ಸಿಗ್ನಲ್ ಇಲ್ಲದ ಜಾಗಗಳಿವೆ. ಹಗಲಲ್ಲಿ ಫೋನ್ ಸಿಗಲಿಲ್ಲವೆಂದು ನೀವು ಗಾಬರಿಯಾಗದಿರಲು, ರಾತ್ರಿ ತಂಗಿದ ಮೇಲೆ ಎಂಟು ಗಂಟೆಗೆ ಮಾತಾಡುವುದು ಎಂದು ಗೊತ್ತುಮಾಡಿಕೊಳ್ಳಿ. ಪೋಖರಾದಲ್ಲೂ ಜೋಮ್‌ಸೋಮ್‌ನಲ್ಲೂ ವಸತಿಗೃಹಗಳಲ್ಲಿ ವೈಫೈ ಇರುವುದು ಸಾಮಾನ್ಯ.

ಸಿಮ್ಮನ್ನು ಗಡಿಯ ಗೇಟಿನ ಬಳಿ ಕೈಯಲ್ಲಿ ಹಿಡಿದು ಮಾರುವವರಿಂದ ಕೊಳ್ಳಬಾರದು. ಅದು ಬೇರೆ ಯಾರದೋ ಹೆಸರಿನಲ್ಲಿ ನೋಂದಣಿಯಾಗಿದ್ದರೆ ನಡುದಾರಿಯಲ್ಲಿ ನಿಂತುಹೋಗಬಹುದು. ಸುನೌಲಿ ದಾಟಿದ ಕೂಡಲೇ ಸಿಗುವ ಪಟ್ಟಣ ಭೈರಹವಾ, ಅಲ್ಲಿನ ಕಂಪನಿ ಮಳಿಗೆಯಲ್ಲಿ ಕೊಳ್ಳಲಿ. ಗುರುತಿನ ಪತ್ರದ ಮೂಲಪ್ರತಿ, ಅದರ ಜೆರಾಕ್ಸ್, ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ ಕೈಯಲ್ಲಿರಲಿ. ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಭಾರತೀಯರು ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ಕಾರ್ಡಿಗೆ ಮಾನ್ಯತೆ ಇರುವುದು 65 ದಾಟಿದವರಿಗೆ ಮತ್ತು 15ರ ಒಳಗಿನ ಮಕ್ಕಳಿಗೆ. ತಂದೆಯವರು ಆಧಾರ್ ಹಿಡಿದು ಹೋಗಬಹುದು, 63ರ ನಿಮ್ಮ ತಾಯಿಯವರು ಹಾಗೆ ಹೋಗಲಾಗದು. ಇಬ್ಬರೂ ಮತದಾರರ ಚೀಟಿಯನ್ನು ಒಯ್ಯುವುದು ಒಳ್ಳೆಯದು. ಪಾಸ್‌ಪೋರ್ಟ್ ಇದ್ದರೆ ಸಿಮ್ ಕೊಳ್ಳುವಾಗಲೂ ಕೆಲಸ ಸಲೀಸು.

ಪ್ಯಾಕ್ ಎಷ್ಟರದ್ದು ಬೇಕೆಂಬುದನ್ನು ಅಂಗಡಿಯವರಿಗೆ ಬಿಡಬೇಡಿ, ನೀವೇ ಲೆಕ್ಕ ಹಾಕಿಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಬರಿಯ ಮಾತಿನ ಕರೆಗೆ ನಿಮಿಷಕ್ಕೆ ಹೆಚ್ಚೆಂದರೆ 1 ಎಂಬಿ, ಮುಖ ನೋಡಿ ಮಾತಾಡುವ ಕರೆಗೆ ಸುಮಾರು 5 ಎಂಬಿ ಎಂದು ಇಟ್ಟುಕೊಳ್ಳಿ. ದಿನಕ್ಕೆ 20 ನಿಮಿಷ ಮಾತು, 10 ನಿಮಿಷ ವಿಡಿಯೊ ಎಂದರೆ ದಿನಕ್ಕೆ 70 ಎಂಬಿ. 12 ದಿನಕ್ಕೆ 840 ಎಂಬಿ. ಫೋಟೊ, ಮ್ಯಾಪ್ ಎಲ್ಲ ಸೇರಿಸಿದರೂ 2 ಜಿಬಿ ಧಾರಾಳ. ದಿನಕ್ಕೆ ಇಷ್ಟು ಜಿಬಿ ಎಂಬ ದೊಡ್ಡ ಪ್ಯಾಕಿಗೆ ಹಣ ಕೊಡುವ ಅಗತ್ಯವಿಲ್ಲ, ಆದರೆ ಒಂದು ಷರತ್ತು: ಫೋಟೊಗಳು ತಾವಾಗಿಯೇ ಬ್ಯಾಕಪ್ ಆಗುವುದು, ಆ್ಯಪ್‌ಗಳು ಅಪ್‌ಡೇಟ್ ಆಗುವುದು, ಗುಂಪುಗಳಲ್ಲಿ ಬರುವ ವಿಡಿಯೊಗಳು ತಾವೇ ಡೌನ್‌ಲೋಡ್ ಆಗುವುದು ಈ ಮೂರನ್ನೂ ವೈಫೈಯಲ್ಲಿ ಮಾತ್ರ ಎಂದು ನೀವೇ ಮನೆಯಲ್ಲಿ ಕೂತು ಸೆಟ್ ಮಾಡಿಕೊಡಬೇಕು. ಬೆಲೆ ಕೇಳುವಾಗ ಹಣದ ಲೆಕ್ಕ ನೆನಪಿರಲಿ. ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ. ಅಲ್ಲಿ 800 ರೂಪಾಯಿ ಎಂದು ಬರೆದದ್ದು ನಮ್ಮ 500 ರೂಪಾಯಿ.

ಫೋನಿನಲ್ಲಿ ಎರಡೂ ಸಿಮ್ ಕೂತ ಮೇಲೆ ಡೇಟಾಕ್ಕೆ ನೇಪಾಳದ ಸಿಮ್ಮನ್ನು ಆರಿಸಿ, ಭಾರತದ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಮಾಡಬೇಕು. ಸಿಗ್ನಲ್ ಕುಂದಿದಾಗ ಫೋನು ತಾನಾಗಿ ಮತ್ತೊಂದು ಸಿಮ್ಮಿನ ಡೇಟಾಕ್ಕೆ ಜಿಗಿಯುವ ಆಯ್ಕೆಯೊಂದು ಅನೇಕ ಫೋನುಗಳಲ್ಲಿದೆ; ಅದನ್ನೂ ಹುಡುಕಿ ಆಫ್ ಮಾಡಿ. ವಾಟ್ಸ್‌ಆ್ಯಪ್ ನಂಬರು ಬದಲಿಸಬೇಕೇ ಎಂದು ಕೇಳಿದರೆ ಬೇಡ ಎಂದೇ ಒತ್ತಬೇಕೆಂದು ತಂದೆಯವರಿಗೆ ಹೇಳಿಕೊಡಿ.

ತಾಯಿಯವರಿಗೆ ಪ್ರತ್ಯೇಕ ಸಿಮ್ ಬೇಕೇ? ಉಳಿತಾಯವನ್ನಷ್ಟೇ ನೋಡಿದರೆ ಬೇಡ. ಆದರೂ ನಾನು ಬೇಕು ಎನ್ನುತ್ತೇನೆ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರೇ, ಕನ್ನಡದ ಮಾತು ಅಲ್ಲಿ ಕಿವಿಗೆ ಬಿದ್ದರೂ ಬೀಳಬಹುದು. ಆದರೆ ಆ ಜನಸಂದಣಿಯಲ್ಲಿ ಗಂಡ ಹೆಂಡತಿ ಅಗಲಿದರೆ ಕೈಯಲ್ಲೊಂದು ಫೋನು ಇರಲೇಬೇಕು. ಡೇಟಾ ಇಲ್ಲದ, ಕರೆಗೆ ಸಾಕಾಗುವಷ್ಟು ಹಣ ಹಾಕಿದ ಸಿಮ್ ಅವರ ಕೀಪ್ಯಾಡ್ ಫೋನಿಗೆ ಸಾಕು. ಆ ಫೋನು ಜಿಯೋಫೋನ್ ಆಗಿದ್ದರೆ ಮಾತ್ರ ಅದರಲ್ಲಿ ಬೇರೆ ಕಂಪನಿಯ ಸಿಮ್ ಕೆಲಸ ಮಾಡುವುದಿಲ್ಲ. ಮನೆಯಲ್ಲಿರುವ ಬೇರೊಂದು ಹಳೆಯ ಫೋನನ್ನು ಕೊಟ್ಟು ಕಳಿಸಿ. ತಂದೆಯವರ ನೇಪಾಳದ ನಂಬರು, ಗುಂಪಿನ ಮುಖಂಡರ ನಂಬರು, ಅಲ್ಲಿನ ಪೊಲೀಸರ 100, ಆಂಬುಲೆನ್ಸಿನ 102, ಪ್ರವಾಸಿ ಪೊಲೀಸರ 1144 ಇಷ್ಟನ್ನು ಚೀಟಿಯಲ್ಲಿ ಕನ್ನಡ ಅಂಕಿ ಬೇಡ, ಫೋನಿನಲ್ಲಿರುವ ಅಂಕಿಗಳಲ್ಲೇ ಬರೆದುಕೊಡಿ. ನಿಮ್ಮ ನಂಬರನ್ನು ಬರೆಯುವಾಗ ಮುಂದೆ +91 ಸೇರಿಸಿ. ಅವರ ನೇಪಾಳದ ನಂಬರಿಗೆ ನೀವು ಕರೆ ಮಾಡುವಾಗ +977.

ಮೂರು ನಾಲ್ಕು ದಿನಕ್ಕೆ ವಿಮಾನದಲ್ಲಿ ಹೋಗಿಬರುವವರಿಗೆ, ಅಥವಾ ವ್ಯವಹಾರದ ಕಾರಣಕ್ಕೆ ಭಾರತದ ನಂಬರಿನಲ್ಲೇ ಕರೆಗೆ ಸಿಗಬೇಕಾದವರಿಗೆ ರೋಮಿಂಗ್ ಪ್ಯಾಕ್ ಸೂಕ್ತ. ಕೊಳ್ಳುವ ಮುನ್ನ ಆ ಪ್ಯಾಕಿನ ದೇಶಗಳ ಪಟ್ಟಿಯಲ್ಲಿ ನೇಪಾಳ ಇದೆಯೇ, ಅಲ್ಲಿ ಯಾವ ಕಂಪನಿಯ ಟವರಿನಲ್ಲಿ ಅದು ನಡೆಯುತ್ತದೆ, ದಿನದ ಲೆಕ್ಕ 24 ಗಂಟೆಯದೋ ನಡುರಾತ್ರಿಗೆ ಮುಗಿಯುವುದೋ ಎಂಬುದನ್ನು ಕೇಳಿ ತಿಳಿಯಬೇಕು.

ಪ್ರಶ್ನೆ: ನಾನು ಕಲಬುರಗಿಯವನು, ಕೆಲಸದ ನಿಮಿತ್ತ ಬಿಹಾರದ ರಕ್ಸೌಲ್‌ನಲ್ಲಿದ್ದೇನೆ. ಮನೆ ಗಡಿಗೆ ಹತ್ತಿರ. ನೇಪಾಳಕ್ಕೆ ಕಾಲಿಡದಿದ್ದರೂ ಎರಡು ಬಾರಿ ನನ್ನ ಬಿಲ್ಲಿನಲ್ಲಿ ನೇಪಾಳದ ರೋಮಿಂಗ್ ಶುಲ್ಕ ಬಂದಿದೆ. ಹಿಂದೆ ಸಿಂಗಪುರಕ್ಕೆ ಹೋದಾಗ ರೋಮಿಂಗ್ ಹಾಕಿಸಿಕೊಂಡಿದ್ದೆ. ಇದನ್ನು ತಪ್ಪಿಸುವುದು ಹೇಗೆ?
— ಓದುಗರು, ರಕ್ಸೌಲ್

ಉತ್ತರ: ಕಾರಣ ನಿಮ್ಮ ಪತ್ರದಲ್ಲೇ ಇದೆ. ಟವರಿನ ಸಿಗ್ನಲ್ಲಿಗೆ ಗಡಿಯ ಕಲ್ಲು ತಿಳಿಯುವುದಿಲ್ಲ. ಎದುರಿನ ಬೀರ್‌ಗಂಜ್‌ನ ಟವರು ನಿಮ್ಮ ಮನೆಯಲ್ಲಿ ನಮ್ಮ ಟವರಿಗಿಂತ ಬಲವಾಗಿದ್ದಾಗ, ಅಥವಾ ನಮ್ಮ ಟವರು ಕರೆಂಟ್ ಹೋಗಿ ನಿಂತಾಗ, ಫೋನು ಆ ಕಡೆಯದನ್ನು ಹಿಡಿಯುತ್ತದೆ. ರೋಮಿಂಗ್ ಚಾಲೂ ಇಲ್ಲದ ಸಿಮ್ಮಿಗೆ ಆ ಟವರು ಸೇವೆ ಕೊಡುವುದಿಲ್ಲ, ಆದ್ದರಿಂದ ಶುಲ್ಕವೂ ಇಲ್ಲ. ಸಿಂಗಪುರದಿಂದ ಬಂದ ಮೇಲೆ ಅದನ್ನು ನಿಲ್ಲಿಸದೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಇಂದೇ ನಿಲ್ಲಿಸಿ. ಜೊತೆಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕನ್ನು ತಾನಾಗಿ ಹುಡುಕುವ ಆಯ್ಕೆ ತೆಗೆದು ನಿಮ್ಮ ಕಂಪನಿಯ ಹೆಸರನ್ನೇ ಆರಿಸಿಡಿ; ರಕ್ಸೌಲ್ ಬಿಟ್ಟು ಊರಿಗೆ ಹೊರಟಾಗ ಅದನ್ನು ಮತ್ತೆ ಮೊದಲಿನಂತೆ ಮಾಡುವುದನ್ನು ಮರೆಯಬೇಡಿ.

ಫೋನು ಆ ಕಡೆಗೆ ಹಾರಿದೆಯೇ ಎಂದು ತಿಳಿಯಲು ಸುಲಭದ ಗುರುತೊಂದಿದೆ. ನೇಪಾಳದ ಸಮಯ ನಮ್ಮದಕ್ಕಿಂತ 15 ನಿಮಿಷ ಮುಂದೆ. ಫೋನಿನ ಗಡಿಯಾರ ಇದ್ದಕ್ಕಿದ್ದಂತೆ ಗೋಡೆಯ ಗಡಿಯಾರಕ್ಕಿಂತ ಕಾಲು ಗಂಟೆ ಮುಂದಿದ್ದರೆ ನೀವು ಬೀರ್‌ಗಂಜ್‌ನ ಟವರಿನಲ್ಲಿದ್ದೀರಿ ಎಂದೇ ತಿಳಿಯಬಹುದು. ಈಗಾಗಲೇ ಕಟ್ಟಿದ ಹಣದ ಬಗ್ಗೆ ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ, ದೂರಿನ ಡಾಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮಗಳು ನಿಮಗೆ ಕೊಟ್ಟಿವೆ. ಆ ದಿನಗಳಲ್ಲಿ ರಕ್ಸೌಲ್‌ನಲ್ಲೇ ಇದ್ದಿರೆಂಬುದಕ್ಕೆ ಕಚೇರಿಯ ಹಾಜರಿಯ ದಾಖಲೆಯನ್ನು ಲಗತ್ತಿಸಿ.

ಪ್ರಶ್ನೆ: ಜರ್ಮನಿಯ ಫ್ರೈಬುರ್ಗ್‌ನಲ್ಲಿ ಓದುತ್ತಿದ್ದೇನೆ. ಯುರೋಪಿನಲ್ಲಿ ರೋಮಿಂಗ್ ಉಚಿತವೆಂದು ಗೆಳೆಯರು ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಅತ್ತೆಯ ಮನೆಗೆ ಹೋದಾಗ ಜರ್ಮನಿಯ ಸಿಮ್ಮನ್ನೇ ಬಳಸಬಹುದೇ?
— ಓದುಗರು, ಫ್ರೈಬುರ್ಗ್

ಉತ್ತರ: ಗೆಳೆಯರ ಮಾತು ಮುಖ್ಯವಾಗಿ ಐರೋಪ್ಯ ಒಕ್ಕೂಟಕ್ಕೆ ನಿಜ, ಇಡೀ ಯುರೋಪಿಗಲ್ಲ. 2017ರ ಜೂನ್ 15ರಿಂದ ಒಕ್ಕೂಟದ ದೇಶಗಳಲ್ಲಿಯೂ, ಜೊತೆಗೆ ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್‌ಗಳಲ್ಲಿಯೂ ಊರಿನ ದರದಲ್ಲೇ ಫೋನು ಬಳಸಬಹುದು. ಆ ನಿಯಮವನ್ನು 2032ರವರೆಗೆ ಮುಂದುವರಿಸಲಾಗಿದೆ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಫ್ರೈಬುರ್ಗ್‌ನಿಂದ ಫ್ರಾನ್ಸಿನ ಕೋಲ್ಮಾರ್ ಮತ್ತು ಬಾಸೆಲ್ ಎರಡೂ ಹತ್ತಿರದಲ್ಲೇ ಇವೆ. ಕೋಲ್ಮಾರ್‌ನಲ್ಲಿ ನಿಮಗೆ ಹೆಚ್ಚಿನ ಶುಲ್ಕ ಬೀಳುವುದಿಲ್ಲ, ಬಾಸೆಲ್‌ನಲ್ಲಿ ಬೀಳಬಹುದು. ಕೆಲವು ಜರ್ಮನ್ ಕಂಪನಿಗಳು ಸ್ವಇಚ್ಛೆಯಿಂದ ತಮ್ಮ ಪ್ಲಾನಿನೊಳಗೆ ಸ್ವಿಟ್ಜರ್ಲೆಂಡನ್ನೂ ಸೇರಿಸಿವೆ. ನಿಮ್ಮ ಕರಾರುಪತ್ರದಲ್ಲಿ ಆ ದೇಶದ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಗಡಿಗೆ ಮುಂಚೆಯೇ, ಅಂದರೆ ವೈಲ್ ಆಮ್ ರೈನ್ ನಿಲ್ದಾಣ ಬರುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ, ಅತ್ತೆಯವರ ಮನೆಯ ವೈಫೈ ಸಿಗುವವರೆಗೆ ಹಾಗೆಯೇ ಇರಲಿ. ಗಡಿ ದಾಟಿದಾಗ ಕಂಪನಿಯಿಂದ ದರ ತಿಳಿಸುವ ಮೆಸೇಜ್ ಬರುತ್ತದೆ, ಅದನ್ನು ಓದದೆ ಅಳಿಸಬೇಡಿ. ಡೇಟಾ ಶುಲ್ಕ 50 ಯೂರೊ ಮುಟ್ಟಿದಾಗ ಸಂಪರ್ಕ ತಾನಾಗಿ ಕಡಿಯುವ ರಕ್ಷಣೆ ಒಕ್ಕೂಟದ ಹೊರಗೂ ಇದೆ. ಮುಂದುವರಿಸಲೇ ಎಂದು ಕೇಳುವ ಮೆಸೇಜಿಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟರೆ ಆ ರಕ್ಷಣೆ ನಿಮ್ಮ ಕೈಯಾರೆ ಹೋಗುತ್ತದೆ.