ಕೆರೆ ಕೆಲಸದಲ್ಲಿ ಕಂಪನಿ, ಸ್ವಯಂಸೇವಾ ಸಂಸ್ಥೆ, ಸರ್ಕಾರ ಕೈಜೋಡಿಸುವುದು ಹೇಗೆ?

ನರಸಾಪುರ ಕೈಗಾರಿಕಾ ಪ್ರದೇಶದಲ್ಲಿರುವ ನಿಮ್ಮ ಕಂಪನಿಯು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಿಂದ ಹತ್ತಿರದ ಕೆರೆಯೊಂದರ ಹೂಳು ತೆಗೆಸಲು ಮುಂದಾಗಿದೆ ಎಂದು ಬರೆದಿದ್ದೀರಿ. ಸರ್ಕಾರದ ಯಾವ ಕಚೇರಿಗೆ ಹೋಗಬೇಕು, ಸ್ವಯಂಸೇವಾ ಸಂಸ್ಥೆಯನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದು ನಿಮ್ಮ ಪ್ರಶ್ನೆ. ಕೋಲಾರ ಜಿಲ್ಲೆಯಲ್ಲಿ ಕೆರೆಗಳ ಪುನಶ್ಚೇತನ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ದುಡಿಯುತ್ತಿದ್ದೇನೆ. ಯಂತ್ರ ಕೆರೆ ಅಂಗಳಕ್ಕೆ ಇಳಿಯುವ ಮೊದಲೇ, ಕಂಪನಿ ಹೊರಟುಹೋದ ಮೇಲೆ ಆ ಕೆರೆಯನ್ನು ನೋಡಿಕೊಳ್ಳುವವರು ಯಾರು, ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬ ಎರಡು ವಿಷಯಗಳು ಬರವಣಿಗೆಯಲ್ಲಿ ತೀರ್ಮಾನವಾಗಿರಬೇಕು ಎಂಬುದೇ ನಾನು ಮುಖ್ಯವಾಗಿ ಹೇಳಬಯಸುವ ಮಾತು.

ಕಾನೂನಿನ ಭಾಗ ಕಷ್ಟದ್ದಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು, ಮತ್ತು ಪರಿಸರ ಹಾಗೂ ನೀರಿನ ಸಂರಕ್ಷಣೆ ಕಾಯ್ದೆಯ ಏಳನೇ ಅನುಸೂಚಿಯಲ್ಲಿಯೇ ಇದೆ. ನೀವು ಹಣ ಕೊಡುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಆದರೆ ನಮ್ಮ ಭಾಗದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಆರ್ಥಿಕ ವರ್ಷದ ಲೆಕ್ಕದಿಂದ. ಕಂಪನಿಗಳು ಜನವರಿಯಲ್ಲಿ ಬಂದು ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕು ಎನ್ನುತ್ತವೆ. ಕೆರೆಗಳಾದರೋ ಹೂಳೆತ್ತುವಷ್ಟು ಒಣಗುವುದು ಬೇಸಿಗೆಯಲ್ಲಿ. ಆದ್ದರಿಂದ ನಿಮ್ಮ ಆಡಳಿತ ಮಂಡಳಿಯು ಇದನ್ನು ಚಾಲ್ತಿ ಯೋಜನೆ ಎಂದು ಮೊದಲೇ ಅಂಗೀಕರಿಸಲಿ. ಹಾಗೆ ಮಾಡಿದರೆ ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷಗಳ ಕಾಲಾವಕಾಶ ಸಿಗುತ್ತದೆ, ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮುಂದಿನ ಹಂತಕ್ಕೆ ಬಳಸಬಹುದು.

ಸರ್ಕಾರದ ಕಡೆಯಲ್ಲಿ ಮೊದಲು ತಿಳಿಯಬೇಕಾದದ್ದು ಕೆರೆ ಯಾರ ಸುಪರ್ದಿನಲ್ಲಿದೆ ಎಂಬುದು. ಸಾಮಾನ್ಯವಾಗಿ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ (ಕೆರೆಯ ನೀರು ಉಣ್ಣುವ ಜಮೀನಿನ) ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಅಡಿಯಲ್ಲಿಯೂ ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯ ಅಡಿಯಲ್ಲಿಯೂ ಬರುತ್ತವೆ. ಒಪ್ಪಂದಕ್ಕೆ ಸಹಿ ಹಾಕಬೇಕಾದವರು ಆ ಇಲಾಖೆಯವರು. ಗ್ರಾಮ ಪಂಚಾಯಿತಿಯ ನಿರ್ಣಯವೂ ಅದರೊಂದಿಗೆ ಇರಲಿ. ಗಡಿಯ ಸರ್ವೆ ಮತ್ತು ಒತ್ತುವರಿ ತೆರವು ಕಂದಾಯ ಇಲಾಖೆಯ ಅಧಿಕಾರವಾಗಿದ್ದು, ಕಂಪನಿಯಾಗಲೀ ಸಂಸ್ಥೆಯಾಗಲೀ ಅದಕ್ಕೆ ಕೈಹಾಕಬಾರದು. ನಿಮ್ಮ ಕೆರೆ ಕೆ.ಸಿ. ವ್ಯಾಲಿ ಯೋಜನೆಯ ಸಾಲಿನಲ್ಲಿದೆಯೇ ಎಂಬುದನ್ನೂ ದಯವಿಟ್ಟು ವಿಚಾರಿಸಿ. 2018ರಿಂದ ಈ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಯಿಂದ ಮೊದಲ್ಗೊಂಡು ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿಯುತ್ತಿರುವುದರಿಂದ, ಆ ಸಾಲಿನ ಕೆರೆಗಳಲ್ಲಿ ಬೇಸಿಗೆಯಲ್ಲಿಯೂ ನೀರಿದ್ದರೆ ಹೂಳೆತ್ತುವ ಮಾತೇ ಇರುವುದಿಲ್ಲ. ಅಂಥಲ್ಲಿ ನೀರಿನ ಗುಣಮಟ್ಟದ ನಿಯಮಿತ ಪರೀಕ್ಷೆಗೆ ಹಣ ಕೊಡುವುದು ಊರಿನವರಿಗೆ ಹೆಚ್ಚು ಉಪಕಾರವಾದೀತು.

ಕೆಲಸ ಹಂಚಿಕೊಳ್ಳುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಕಂಡ ಒಳ್ಳೆಯ ಕೆಲಸಗಳಲ್ಲಿ ಹಿಟಾಚಿ ಯಂತ್ರದ ಬಾಡಿಗೆಯನ್ನು ಕಂಪನಿ ಕೊಟ್ಟಿದೆ, ಗೋಡು ಮಣ್ಣನ್ನು, ಅಂದರೆ ತೆಗೆದ ಹೂಳನ್ನು, ರೈತರು ತಮ್ಮ ಟ್ರ್ಯಾಕ್ಟರ್‌ಗಳಲ್ಲಿ ತಮ್ಮ ಖರ್ಚಿನಲ್ಲಿಯೇ ಹೊಲಕ್ಕೆ ಸಾಗಿಸಿದ್ದಾರೆ, ಪೋಷಕ ಕಾಲುವೆಯ ಕೆಲಸವನ್ನು ಪಂಚಾಯಿತಿ ಉದ್ಯೋಗ ಖಾತರಿಯ ಕೂಲಿಯಿಂದ ಮಾಡಿಸಿದೆ, ಯಾರ ಹೊಲಕ್ಕೆ ಎಷ್ಟು ಲೋಡು ಹೋಯಿತೆಂಬ ಲೆಕ್ಕವನ್ನು ಸಂಸ್ಥೆ ಇಟ್ಟಿದೆ. ಹೂಳು ಇಟ್ಟಿಗೆ ಗೂಡಿಗೆ ಹೋಗದಂತೆ ತಡೆಯುವುದು ಆ ಲೆಕ್ಕವೇ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮದಲ್ಲಿಯೂ ಊರಿನ ಕೆರೆ ಸಮಿತಿ ಮತ್ತು ರೈತರ ಟ್ರ್ಯಾಕ್ಟರ್‌ಗಳೇ ಆಧಾರ. ಇದಕ್ಕೆ ವಿರುದ್ಧವಾಗಿ, ಕಂಪನಿಯೊಂದು ಅಂಗಳವನ್ನು ಮಾತ್ರ ಅಗೆಸಿ, ಏರಿಯ ಮೇಲೆ ನಡಿಗೆಪಥ ಮತ್ತು ನಾಮಫಲಕ ಹಾಕಿಸಿ ಹೋದ ಕೆರೆಯೂ ನಮ್ಮ ತಾಲ್ಲೂಕಿನಲ್ಲಿದೆ. ಅದರ ಪೋಷಕ ಕಾಲುವೆಗಳು ಜಾಲಿ ಮತ್ತು ಒತ್ತುವರಿಯಿಂದ ಮುಚ್ಚಿಹೋಗಿರುವುದರಿಂದ ಒಳ್ಳೆಯ ಮಳೆಯಾದರೂ ಕೆರೆಗೆ ನೀರು ಬರುವುದಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಕಾಲುವೆಗಳಿಗೆ, ತೂಬಿನ ದುರಸ್ತಿಗೆ ಮತ್ತು ಕೋಡಿಗೆ ಹೋಗಲಿ ಎಂದು ನಾನು ಒತ್ತಾಯದಿಂದ ಕೇಳುತ್ತೇನೆ.

ಮಾತುಕತೆಯ ಜಾಗದಲ್ಲಿ ಯಾರು ಕೂರುತ್ತಾರೆ ಎಂಬುದಕ್ಕೆ ನಾನು ಪಾವಗಡದ ಸೌರ ಉದ್ಯಾನವನ್ನು ನೆನೆಯುತ್ತೇನೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳ ಜಂಟಿ ನಿಗಮವು ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು, ಖಾಸಗಿ ಕಂಪನಿಗಳು ಅಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಘಟಕಗಳನ್ನು ಸ್ಥಾಪಿಸಿದವು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ, ಬರಗಾಲದಿಂದ ಸೋತಿದ್ದ ಭೂಮಾಲೀಕರಿಗೆ ನಿಜವಾದ ಆಸರೆಯಾಯಿತು. ಭೂಮಿಯಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಮತ್ತು ಕುರಿ ಮೇಯಿಸುತ್ತಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲಿರಲಿಲ್ಲ. ಕೆರೆಯಲ್ಲಿಯೂ ಇದೇ ಆಗಬಹುದು: ಅಚ್ಚುಕಟ್ಟಿನ ರೈತರ ಜೊತೆಗೆ ಅಂಗಳದಲ್ಲಿ ಕುರಿ ಮೇಯಿಸುವವರು, ಮೀನು ಹಿಡಿಯುವವರು, ಹೊಲಗಳಿಗೆ ಕೆರೆಯ ನೀರು ಬಿಡುವ ನೀರಗಂಟಿಯ ಮನೆಯವರು ಮೊದಲ ಸಭೆಗೇ ಬರಬೇಕು.

2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯು ನಮ್ಮ ಜಿಲ್ಲೆಯಲ್ಲಿಯೂ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತ್ತು. ಸ್ವಂತ ಆದಾಯವಿಲ್ಲದ ಸಂಘ ಉಳಿಯುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಮೀನಿನ ಹರಾಜಿನ ಹಣದಲ್ಲಿ ಒಂದು ಪಾಲು ಕೆರೆಯ ನಿರ್ವಹಣೆಗೇ ಮೀಸಲು ಎಂದು ಪಂಚಾಯಿತಿಯೊಂದಿಗೆ ಈಗಲೇ ಮಾತನಾಡಿಕೊಳ್ಳಿ.

ಸಂಸ್ಥೆಯನ್ನು ಆರಿಸುವಾಗ ಅವರ ವರದಿಗಳನ್ನು ಓದುವುದಕ್ಕಿಂತ, ಐದು ವರ್ಷಗಳ ಹಿಂದೆ ಅವರು ಮುಗಿಸಿದ ಕೆರೆಗೆ ಮಳೆಗಾಲದಲ್ಲಿ ನೀವೇ ಹೋಗಿ ಊರಿನವರನ್ನು ಕೇಳಿ. ಆಡಳಿತ ವೆಚ್ಚಕ್ಕೆ ಇರುವ ಶೇ 5ರ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಸಂಬಂಧಿಸಿದ್ದು. ಅದನ್ನು ತೋರಿಸಿ ಸಂಸ್ಥೆಯ ಕ್ಷೇತ್ರ ಕಾರ್ಯಕರ್ತರ ಸಂಬಳವನ್ನು ಕಡಿತಗೊಳಿಸಬೇಡಿ, ಏಕೆಂದರೆ ಊರಿನಲ್ಲಿ ಸಭೆ ಸೇರಿಸುವುದೂ ಜಗಳ ಬಿಡಿಸುವುದೂ ಅವರೇ. ಮುಂದಿನ ಬೇಸಿಗೆಗೆ ಕೆಲಸ ಆರಂಭಿಸುವ ಉದ್ದೇಶವಿದ್ದರೆ, ಕೆರೆಯ ಸರ್ವೆಗಾಗಿ ತಹಶೀಲ್ದಾರರಿಗೆ ಪಂಚಾಯಿತಿಯ ಮೂಲಕ ಈಗಲೇ ಅರ್ಜಿ ಹಾಕಿಸಿ.