ಸತ್ಸಂಗಕ್ಕೆ ಬರಲಿಲ್ಲ ಅಂತ ಕೆಲಸದಿಂದ ತೆಗೆದರು, ಸಂಬಳವೂ ಬಾಕಿ. ಏನು ಮಾಡಲಿ?

ಪ್ರಶ್ನೆ: ಶಿರಸಿಯ ಬಟ್ಟೆ ಅಂಗಡಿಯೊಂದರಲ್ಲಿ ನಾಲ್ಕು ವರ್ಷದಿಂದ ಬಿಲ್ ಬರೆಯುವುದು, ಸ್ಟಾಕ್ ನೋಡಿಕೊಳ್ಳುವುದು ಮಾಡುತ್ತಿದ್ದೆ. ಹೋದ ವರ್ಷದಿಂದ ಮಾಲಕರು ಪ್ರತಿ ಗುರುವಾರ ಬೆಳಿಗ್ಗೆ ತಮ್ಮ ಗುರುಗಳ ಸತ್ಸಂಗಕ್ಕೆ ಎಲ್ಲರೂ ಬರಲೇಬೇಕು ಎಂದರು. ಅದರ ವಂತಿಗೆ ಅಂತ ಸಂಬಳದಲ್ಲಿ ತಿಂಗಳಿಗೆ 300 ರೂಪಾಯಿ ಮುರಿದುಕೊಂಡರು. ನಮ್ಮ ಮನೆಯ ನಂಬಿಕೆ ಬೇರೆ, ನಾನು ಹೋಗಲಿಲ್ಲ. ಜಾತ್ರೆ ದಿನಗಳಲ್ಲಿ ರಾತ್ರಿ ಹತ್ತರವರೆಗೆ ದುಡಿದ ಓಟಿ ಕೇಳಿದಾಗ, "ಸತ್ಸಂಗಕ್ಕೆ ಬಾರದವಳಿಗೆ ಓಟಿ ಯಾಕೆ? ನಾಳೆಯಿಂದ ಬರಬೇಡ" ಎಂದರು. "ಸ್ವಂತ ಇಚ್ಛೆಯಿಂದ ಬಿಟ್ಟೆ" ಎಂದು ಬರೆದುಕೊಟ್ಟರೆ ಮಾತ್ರ ಬಾಕಿ ಸಂಬಳ ಕೊಡುತ್ತಾರಂತೆ. ಬರೆದುಕೊಡಲಾ?
– ಓದುಗರೊಬ್ಬರು, ಶಿರಸಿ

ಉತ್ತರ: ಬರೆದುಕೊಡಬೇಡಿ. ಆ ಒಂದು ಸಾಲಿಗೆ ಸಹಿ ಬಿದ್ದರೆ ನಿಮ್ಮನ್ನು ತೆಗೆದದ್ದೇ ಸುಳ್ಳಾಗುತ್ತದೆ. ಬಾಕಿ ಸಂಬಳ ನೀವು ದುಡಿದ ಹಣ, ಅದಕ್ಕೆ ಷರತ್ತು ಹಾಕುವ ಹಕ್ಕು ಯಾರಿಗೂ ಇಲ್ಲ. ಕೆಲಸದಿಂದ ತೆಗೆದ ಮೇಲೆ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಸಂಬಳ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ, ಇದು ಅವುಗಳಲ್ಲಿ ಒಂದು.

ನಿಮಗೆ ಜಾಸ್ತಿ ನೋವಾಗಿರುವುದು ನಂಬಿಕೆಯ ವಿಷಯದಲ್ಲಿ. ಅದು ನನಗೆ ಅರ್ಥವಾಗುತ್ತದೆ. ಸಂವಿಧಾನದ 25ನೇ ವಿಧಿ ನಿಮ್ಮ ನಂಬಿಕೆ ನಿಮಗೆ ಎನ್ನುತ್ತದೆ, ನಿಜ. ಆದರೆ ಮೂಲಭೂತ ಹಕ್ಕಿನ ಹೆಸರಲ್ಲಿ ಖಾಸಗಿ ಅಂಗಡಿಯ ಮೇಲೆ ನೇರವಾಗಿ ಕೇಸು ಗೆಲ್ಲುವುದು ಕಷ್ಟ. ಹಾಗಾಗಿ ದೂರಿನಲ್ಲಿ ದುಡ್ಡಿನ ಲೆಕ್ಕ ಮತ್ತು ತೆಗೆದ ರೀತಿ ಮುಂದಿರಲಿ. ಸತ್ಸಂಗದ ಒತ್ತಾಯವನ್ನು ಯಾಕೆ ತೆಗೆದರು ಎಂಬುದಕ್ಕೆ ಕಾರಣವಾಗಿ ಬರೆಯಿರಿ. ಸೇಡಿನಿಂದ, ಸುಳ್ಳು ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು ಕೈಗಾರಿಕಾ ಸಂಬಂಧ ಸಂಹಿತೆ ಅನುಚಿತ ನಡವಳಿಕೆ ಎಂದೇ ಪಟ್ಟಿ ಮಾಡಿದೆ. ನಿಮ್ಮ ಕೆಲಸ ಬಿಲ್ಲು, ಸ್ಟಾಕು. ಕಾನೂನಿನ ಪ್ರಕಾರ ನೀವು ಕಾರ್ಮಿಕರೇ.

ತೆಗೆದ ರೀತಿಯೂ ತಪ್ಪು. ಆರು ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ಇದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮು. ನಾಳೆ ಅವರು "ವ್ಯಾಪಾರ ಕಮ್ಮಿ, ಅದಕ್ಕೇ ಬಿಡಿಸಿದೆವು" ಎಂದು ಮಾತು ತಿರುಗಿಸಬಹುದು. ಹಾಗಂದರೂ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು. ನಿಮ್ಮ ನಾಲ್ಕು ವರ್ಷಕ್ಕೆ 60 ದಿನದ ಸಂಬಳವಾಯಿತು.

ಇನ್ನು ಆ 300 ರೂಪಾಯಿ. ಪಿಎಫ್, ಇಎಸ್‌ಐ, ಮುಂಗಡ, ಗೈರುಹಾಜರಿ, ಹೀಗೆ ಸಂಬಳದಲ್ಲಿ ಏನೇನು ಮುರಿಯಬಹುದು ಎಂದು ಕಾನೂನೇ ಹೇಳಿದೆ. ಸತ್ಸಂಗದ ವಂತಿಗೆ ಅದರಲ್ಲಿಲ್ಲ. ಪೂರ್ತಿ ವಾಪಸ್ ಕೇಳಿ. ಓಟಿಗೆ ದುಪ್ಪಟ್ಟು ದರ. ದಿನಕ್ಕೆ ಒಂಬತ್ತು ಗಂಟೆ ದಾಟಿದ್ದನ್ನು ತಾರೀಖಿನ ಜೊತೆ ಬರೆದಿಡಿ.

ಪುರಾವೆ ಇಲ್ಲ ಅಂತ ಹೆದರಬೇಡಿ. ನೀವು ಬರೆದ ಬಿಲ್ಲುಗಳಲ್ಲಿ ನಿಮ್ಮ ಕೈಬರಹ ಇದೆ, ಅಲ್ವಾ? ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಬಿದ್ದ ಸಾಲುಗಳಿವೆ. "ಗುರುವಾರ ಏಳಕ್ಕೆ ಎಲ್ಲರೂ ಹಾಜರಿರಬೇಕು" ಎಂಬಂಥ ವಾಟ್ಸಾಪ್ ಮೆಸೇಜುಗಳಿದ್ದರೆ ನಂಬರು, ತಾರೀಖು ಕಾಣುವಂತೆ ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಗ್ರೂಪಿನಿಂದ ನಿಮ್ಮನ್ನು ತೆಗೆದಿದ್ದರೂ ಹಳೆಯ ಮೆಸೇಜು ಫೋನಿನಲ್ಲೇ ಇರುತ್ತವೆ, ಚಾಟ್ ಅಳಿಸಬೇಡಿ.

ಮೊದಲು ಮಾಲಕರಿಗೆ ಒಂದು ಪುಟದ ಪತ್ರ ಬರೆಯಿರಿ. ಇಂಥ ದಿನ ಬಾಯಿಮಾತಿನಲ್ಲಿ ತೆಗೆದಿರಿ, ನಾನು ಕೆಲಸಕ್ಕೆ ಬರಲು ಸಿದ್ಧಳಿದ್ದೇನೆ, ಬಾಕಿ ಇಷ್ಟು. ಇಷ್ಟೇ ಸಾಕು, ಬೈಗುಳ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಜೋಪಾನ ಮಾಡಿ. ಅದರ ಪ್ರತಿಯೊಂದಿಗೆ ಈ ವಾರವೇ ಶಿರಸಿಯ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಸಂಬಳದ ದಾವೆಗೆ ಮೂರು ವರ್ಷ ಸಮಯವಿದ್ದರೂ ವಜಾ ವಿಷಯದಲ್ಲಿ ತಡ ಮಾಡಬಾರದು. ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಾರವಾರದಲ್ಲಿದ್ದಾರೆ. ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಕಳೆದರೂ ಬಗೆಹರಿಯದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಕೆಲಸ ವಾಪಸ್ ಕೊಡಿಸಿ ಎಂದೂ ಕೇಳಬಹುದು.

ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ನೆರವು ಉಚಿತ. ಶಿರಸಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅಂಗಡಿಯ ಉಳಿದವರು ಸಾಕ್ಷಿ ಹೇಳಿದರೆ ಒಳ್ಳೆಯದು, ಆದರೆ ಒತ್ತಾಯ ಮಾಡಬೇಡಿ. ಅವರಿಗೂ ಮನೆ ನಡೆಯಬೇಕು. ನಿಮ್ಮ ದೂರಿನಲ್ಲಿ ವಂತಿಗೆ ವಿಷಯ ಇದ್ದರೆ ಅಂಗಡಿಯ ವೇತನ ಪುಸ್ತಕ ತರಿಸಿ ನೋಡುವ ಅಧಿಕಾರ ನಿರೀಕ್ಷಕರಿಗಿದೆ.