ಕ್ರೋಶಾ ಚೀಲ ಜೋತು ಬೀಳುವುದು ದಾರದ ತಪ್ಪಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕ್ರೋಶಾ ತರಕಾರಿ ಚೀಲದ್ದೇ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆದು ಮಾಡುವ ಚೀಲದ್ದು. ಅದರಲ್ಲೂ ಒಂದೇ ದೂರನ್ನು ಹತ್ತು ಥರ ಬರೆದಿದ್ದಾರೆ. ಹಾಗಾಗಿ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಚೈನ್ (ಕುಣಿಕೆಗಳ ಸರಪಳಿ) ಹಾಕುವುದು, ಕಂಬ (ಉದ್ದನೆಯ ಹೊಲಿಗೆ) ಎತ್ತುವುದು ಬರುತ್ತದೆ ಅಂದುಕೊಂಡೇ ಬರೆಯುತ್ತಿದ್ದೇನೆ. ಬರದವರು ಮೊದಲು ಒಂದು ವಾರ ಅದನ್ನು ಕಲಿತು ಬನ್ನಿ.

ಪ್ರಶ್ನೆ: ಹತ್ತಿ ದಾರದಲ್ಲಿ ಬಲೆ ಚೀಲ ಹಾಕಿದೆ. ಖಾಲಿ ಇದ್ದಾಗ ಚೆನ್ನಾಗಿ ಕಾಣುತ್ತದೆ. ಎರಡು ಕೆಜಿ ತರಕಾರಿ ತುಂಬಿದರೆ ಮೊಣಕಾಲಿನ ತನಕ ಜೋಲುತ್ತದೆ, ಹಿಡಿ ಸಣ್ಣಗಾಗಿ ಭುಜ ಕೊರೆಯುತ್ತದೆ. ದಾರ ಬದಲಾಯಿಸಬೇಕಾ?

ಬೇಡ. ದಯವಿಟ್ಟು ಇನ್ನೊಂದು ಸಲ ದುಡ್ಡು ಸುರಿಯಬೇಡಿ. ‘ಹತ್ತಿ ಹಿಗ್ಗುತ್ತದೆ, ಅದರ ಜೊತೆ ನೈಲಾನ್ ಎಳೆ ಸೇರಿಸಿ’ ಅಂತ ಯಾರೋ ವಿಡಿಯೋದಲ್ಲಿ ಹೇಳುತ್ತಾರೆ, ಎಲ್ಲರೂ ನಂಬುತ್ತಾರೆ. ಕ್ರೋಶಾ ಅಂದರೆ ಬರೀ ಕುಣಿಕೆಗಳು. ಕೆಳಗಿನಿಂದ ಭಾರ ಎಳೆದಾಗ ಕುಣಿಕೆಯ ಅಗಲವೆಲ್ಲ ಉದ್ದಕ್ಕೆ ಹೋಗುತ್ತದೆ. ತೂತು ದೊಡ್ಡದಾದಷ್ಟೂ ಎಳೆತ ಜಾಸ್ತಿ. ಉಣ್ಣೆಗೆ ಇರುವ ಹಾಗೆ ಹತ್ತಿಗೆ ತಾನೇ ಹಿಂದಕ್ಕೆ ಬರುವ ಗುಣ ಇಲ್ಲ, ಹಾಗಾಗಿ ಒಮ್ಮೆ ಎಳೆದರೆ ತೊಳೆಯುವ ತನಕ ಹಾಗೇ ಇರುತ್ತದೆ. ಇದನ್ನೆಲ್ಲ ತಡೆಯಬೇಕಾದ್ದು ಹಾಕುವ ಕ್ರಮದಲ್ಲಿ, ದಾರದ ಅಂಗಡಿಯಲ್ಲಲ್ಲ.

ತಳದಿಂದ ಶುರು ಮಾಡಿ. ತಳಕ್ಕೆ ಬಲೆ ಬೇಡವೇ ಬೇಡ, ಸಿಂಗಲ್ ಕ್ರೋಶಾ ಮಾತ್ರ, ಅಂದರೆ ಗಿಡ್ಡ, ಒತ್ತಾದ ಹೊಲಿಗೆ. ಪ್ರತಿ ಸುತ್ತಿನಲ್ಲೂ ಆರಾರು ಹೊಲಿಗೆ ಹೆಚ್ಚಿಸುತ್ತಾ ಹೋಗಿ: 6, 12, 18, 24. ಬಟ್ಟಲಿನ ಹಾಗೆ ಮೇಲೆದ್ದರೆ ಹೆಚ್ಚಿಸಿದ್ದು ಕಮ್ಮಿ, ಅಂಚು ನೆರಿಗೆ ಬಿದ್ದರೆ ಜಾಸ್ತಿ. ಸುಮಾರು 18 ಸೆಂಟಿಮೀಟರ್ ಅಗಲ ಬಂದ ಮೇಲೆ ಹೆಚ್ಚಿಸುವುದು ನಿಲ್ಲಿಸಿ, ನಾಲ್ಕೈದು ಸುತ್ತು ಹಾಗೇ ಮೇಲಕ್ಕೆ ಹಾಕಿ. ಬಲೆ ಶುರುವಾಗಬೇಕಾದ್ದು ಅಲ್ಲಿಂದ. ಬಲೆಗೆ ಐದು ಚೈನಿನ ಕಮಾನು ಸಾಕು. ಎಂಟು, ಹತ್ತು ಚೈನ್ ಹಾಕಿ ಆಮೇಲೆ ಬೀನ್ಸ್, ಹಸಿಮೆಣಸಿನಕಾಯಿ ದಾರಿಯುದ್ದಕ್ಕೂ ಬಿದ್ದವು ಅಂತ ನನಗೆ ಬರೆಯಬೇಡಿ. ಬಲೆಗೆ 4 ಮಿಲಿಮೀಟರ್ ಕಡ್ಡಿ ಹಿಡಿದರೆ, ತಳಕ್ಕೂ ಹಿಡಿಗೂ 3.5 ಹಿಡಿಯಿರಿ.

ಬಲೆ ಅರ್ಧ ಆದಾಗ ಒಂದು ಪರೀಕ್ಷೆ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಪೂರ್ತಿ ಬಿಚ್ಚುತ್ತಾರೆ. ಕೊನೇ ಕುಣಿಕೆಗೆ ಪಿನ್ನು ಚುಚ್ಚಿ, ಚೀಲದೊಳಗೆ ಎರಡು ತೆಂಗಿನಕಾಯಿ ಇಡಿ. ಬಾಯಿಯ ಸುತ್ತ ಒಂದು ಗಟ್ಟಿ ದಾರ ಪೋಣಿಸಿ ಬಾಗಿಲ ಚಿಲಕಕ್ಕೆ ರಾತ್ರಿಯಿಡೀ ನೇತು ಹಾಕಿ. ಬೆಳಿಗ್ಗೆ ಟೇಪು ಹಿಡಿದು ಅಳೆಯಿರಿ. ಎಷ್ಟು ಹಿಗ್ಗಿತೋ ಅಷ್ಟು ಉದ್ದವನ್ನು ಚೀಲದಲ್ಲಿ ಕಮ್ಮಿ ಮಾಡಿಕೊಳ್ಳಿ. ಖಾಲಿ ಇದ್ದಾಗ ಗಿಡ್ಡ ಅನ್ನಿಸಬೇಕು, ಅದೇ ಸರಿಯಾದ ಅಳತೆ. ಬಲೆ ಮುಗಿದ ಮೇಲೆ ಬಾಯಿಗೆ ನಾಲ್ಕು ಸುತ್ತು ಸಿಂಗಲ್ ಕ್ರೋಶಾ. ಮೊದಲನೇ ಸುತ್ತಿನಲ್ಲಿ ಪ್ರತಿ ಕಮಾನಿಗೂ ಮೂರೇ ಹಾಕಿ, ಬಾಯಿ ಒಳಕ್ಕೆ ಸೇರಿ ಬಿಗಿಯಾಗುತ್ತದೆ.

ಈಗ ಹಿಡಿಯ ವಿಷಯ. ತೊಂದರೆಯೆಲ್ಲ ಇಲ್ಲೇ ಇರುವುದು. ನೀವು ಮಾಡಿದ್ದು ಇದೇ ಅಲ್ವಾ: ಆರು ಹೊಲಿಗೆ ಅಗಲದಲ್ಲಿ ಹಿಂದೆ ಮುಂದೆ ಸಾಲು ಹಾಕುತ್ತಾ ಉದ್ದ ಮಾಡಿ, ತುದಿಯನ್ನು ಆ ಕಡೆ ಸೂಜಿಯಲ್ಲಿ ಹೊಲಿದಿರಿ. ಹತ್ತಾರು ಸಾಲು ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದು ಸಾಲೂ ಚೂರುಚೂರೇ ಹಿಗ್ಗಿದರೂ ಎಲ್ಲ ಸೇರಿ ಹಿಡಿ ಉದ್ದ ಆಗುತ್ತದೆ, ಮೇಲಿಂದ ಭಾರವೆಲ್ಲ ಆ ಸಣ್ಣ ಹೊಲಿಗೆಯ ಮೇಲೆ ಬೀಳುತ್ತದೆ. ಹಿಡಿಯನ್ನು ಉದ್ದುದ್ದಕ್ಕೆ ಹಾಕಬೇಕು. ಬಾಯಿಯ ಕೊನೇ ಸುತ್ತಿನಲ್ಲೇ ದಾರ ಕತ್ತರಿಸದೆ ಚೈನ್ ಎತ್ತಿ, ಭುಜಕ್ಕಾದರೆ 50 ಸೆಂಟಿಮೀಟರ್, ಕೈಗಾದರೆ 25. ಎದುರು ಬದಿಗೆ ಸೇರಿಸಿ. ಆಮೇಲೆ ಬಾಯಿ, ಹಿಡಿ ಎರಡನ್ನೂ ಒಟ್ಟಿಗೆ ಹಿಡಿದು ಸುತ್ತುಸುತ್ತಾಗಿ ಸಿಂಗಲ್ ಕ್ರೋಶಾ ಹಾಕುತ್ತಾ ಹೋಗಿ, ಚೈನಿನ ಎರಡೂ ಬದಿಗೆ. ಹಿಡಿ ನಾಲ್ಕು ಸೆಂಟಿಮೀಟರ್ ಅಗಲ ಆಗುವ ತನಕ ನಿಲ್ಲಿಸಬೇಡಿ, ಅದಕ್ಕಿಂತ ಕಮ್ಮಿಯಾದರೆ ಭುಜ ಕೊರೆದೇ ಕೊರೆಯುತ್ತದೆ. ಕೊನೆಗೆ ಎರಡೂ ಅಂಚಿಗೆ ಒಂದೊಂದು ಸಾಲು ಸ್ಲಿಪ್ ಸ್ಟಿಚ್, ಅಂದರೆ ಎತ್ತರವೇ ಇಲ್ಲದ ಬಿಗಿ ಹೊಲಿಗೆ. ಅದು ಹಿಗ್ಗುವುದು ತೀರಾ ಕಮ್ಮಿ, ಹಾಗಾಗಿ ಹಿಡಿಯನ್ನು ಅದೇ ಕಟ್ಟಿ ಹಿಡಿಯುತ್ತದೆ.

ಈಗಾಗಲೇ ಹಾಕಿದ ಚೀಲವನ್ನು ಪೂರ್ತಿ ಬಿಚ್ಚಬೇಡಿ. ಹಿಡಿ ಮಾತ್ರ ತೆಗೆದು ಹೀಗೆ ಮತ್ತೆ ಹಾಕಿ. ಚೀಲವನ್ನು ತಣ್ಣೀರಲ್ಲಿ ತೊಳೆದು, ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಕೈಯಲ್ಲಿ ಆಕಾರಕ್ಕೆ ತಂದು, ನೆರಳಲ್ಲಿ ಹರಡಿ ಒಣಗಿಸಿ. ತಂತಿಗೆ ನೇತು ಹಾಕಿದರೆ ನೀರಿನ ಭಾರಕ್ಕೇ ಮತ್ತೆ ಎಳೆಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ನಾನು ಐದು ಕೆಜಿಗಿಂತ ಜಾಸ್ತಿ ಹೊರಲು ಹೇಳುವುದಿಲ್ಲ. ಗಾಜಿನ ಬಾಟಲಿಯಂತೂ ಬೇಡವೇ ಬೇಡ.

ಪ್ರಶ್ನೆ: ಬಣ್ಣ ಬಿಡದಿರಲು ಚೀಲವನ್ನು ಉಪ್ಪು, ವಿನೆಗರ್ ನೀರಲ್ಲಿ ನೆನೆಸಬೇಕಂತೆ, ಎಷ್ಟು ಹೊತ್ತು?

ಒಂದು ನಿಮಿಷವೂ ಬೇಡ. ಉಪ್ಪು ಕೆಲಸ ಮಾಡುವುದು ಬಣ್ಣ ಹಾಕುವಾಗ ಆ ತೊಟ್ಟಿಯಲ್ಲಿ. ವಿನೆಗರ್ ಬೇಕಾಗುವುದು ಉಣ್ಣೆ, ರೇಷ್ಮೆಗೆ ಹಾಕುವ ಕೆಲವು ಬಣ್ಣಗಳಿಗೆ. ಆಗಲೇ ಬಣ್ಣ ಹಾಕಿ ಮುಗಿದ ಹತ್ತಿ ದಾರದಲ್ಲಿ ಎರಡೂ ಏನೂ ಮಾಡುವುದಿಲ್ಲ. ಈ ಸುಳ್ಳನ್ನು ನಂಬಿ ಎಷ್ಟು ಜನ ಕೆಂಪು, ಬಿಳಿ ಸೇರಿಸಿ ಹಾಕಿ ಕೊನೆಗೆ ಗುಲಾಬಿ ಚೀಲ ಇಟ್ಟುಕೊಂಡು ಕೂತಿದ್ದಾರೆ! ಹಾಕುವ ಮೊದಲೇ ಒಂದು ಮೊಳ ದಾರ ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಂದರೆ ಬಿಳಿಯ ಜೊತೆ ಸೇರಿಸಬೇಡಿ.

ಪ್ರಶ್ನೆ: ಸೀರೆ ಕುಚ್ಚಿನ ದಾರ ತುಂಬಾ ಉಳಿದಿದೆ, ಅದರಲ್ಲಿ ಹಾಕಬಹುದಾ?

ಬೇಡ. ರೇಷ್ಮೆ ದಾರ ಅಂತ ಮಾರುವುದರಲ್ಲಿ ಬಹುತೇಕ ರೇಷ್ಮೆಯಲ್ಲ. ಜಾರುತ್ತದೆ, ತುದಿ ನಿಲ್ಲುವುದಿಲ್ಲ. ಅದನ್ನು ಕುಚ್ಚಿಗೇ ಇಟ್ಟುಕೊಳ್ಳಿ.

ಪ್ರಶ್ನೆ: ಅಕ್ರಿಲಿಕ್ ಉಲ್ಲನ್?

ಮನೆಯಲ್ಲಿದ್ದರೆ ಬಳಸಿ ಮುಗಿಸಿ. ಪ್ಲಾಸ್ಟಿಕ್ ಬಿಡಬೇಕು ಅಂತ ಚೀಲ ಹಾಕಲು ಹೊರಟು ಹೊಸದಾಗಿ ಅಕ್ರಿಲಿಕ್ ಕೊಳ್ಳಬೇಡಿ, ಅದೂ ಪ್ಲಾಸ್ಟಿಕ್ಕೇ. ಇಸ್ತ್ರಿ ಮುಟ್ಟಿಸಬೇಡಿ, ಒಮ್ಮೆ ಸೊರಗಿದರೆ ಮತ್ತೆ ಸರಿಯಾಗುವುದಿಲ್ಲ.

ಪ್ರಶ್ನೆ: ಪುಸ್ತಕದಲ್ಲಿ ಡಬಲ್ ಕ್ರೋಶಾ ಅಂತಿತ್ತು, ಹಾಗೇ ಹಾಕಿದೆ. ಚೀಲ ಚಿತ್ರದಲ್ಲಿ ಇರುವುದಕ್ಕಿಂತ ಎರಡರಷ್ಟು ಉದ್ದ ಬಂತು.

ಅದು ಬ್ರಿಟಿಷ್ ಪುಸ್ತಕ ಇರಬೇಕು. ಅವರ ಡಬಲ್ ಅಂದರೆ ಅಮೆರಿಕದವರ ಸಿಂಗಲ್. ಅಮೆರಿಕದ ಡಬಲ್ಲನ್ನು ಅವರು ಟ್ರೆಬಲ್ ಅನ್ನುತ್ತಾರೆ, ನೀವು ಹಾಕಿದ್ದು ಆ ಉದ್ದನೆಯ ಹೊಲಿಗೆ. ಮೊದಲ ಪುಟ ಓದಿ ಶುರು ಮಾಡಿ.

ಪ್ರಶ್ನೆ: ಮ್ಯಾಜಿಕ್ ರಿಂಗ್ (ತುದಿ ಎಳೆದು ಬಿಗಿ ಮಾಡುವ ಶುರುವಿನ ಕುಣಿಕೆ) ಹಾಕಿದ್ದೆ, ತಳದ ಮಧ್ಯ ಬಿಟ್ಟುಹೋಯಿತು.

ತುದಿಯನ್ನು ಗಿಡ್ಡ ಕತ್ತರಿಸಿ ಗಂಟು ಹಾಕಿದ್ದೀರಿ. ಒಂದು ಗೇಣು ಬಿಟ್ಟು, ಸೂಜಿಯಲ್ಲಿ ಒಂದು ದಿಕ್ಕಿಗೆ ಪೋಣಿಸಿ ಮತ್ತೆ ವಾಪಸ್ ಬನ್ನಿ. ಚೀಲಕ್ಕಾದರೆ ನಾನು ನಾಲ್ಕು ಚೈನಿನ ಉಂಗುರವನ್ನೇ ಹೇಳುತ್ತೇನೆ.

ಪ್ರಶ್ನೆ: ಒಂದು ಚೀಲಕ್ಕೆ 150 ರೂಪಾಯಿ ಕೇಳುತ್ತಾರೆ, ಮಷೀನಿನದು ಅದಕ್ಕಿಂತ ಅಗ್ಗ ಅನ್ನುತ್ತಾರೆ. ಕೊಡಲಾ?

ನಿಜವಾದ ಕ್ರೋಶಾ ಹಾಕಿ ಮಾರುಕಟ್ಟೆಗೆ ಕಳಿಸುವಂಥ ಮಷೀನು ಇಲ್ಲ. ಮಷೀನಿನಲ್ಲಿ ಬರುವುದು ಅದರ ಹಾಗೆ ಕಾಣುವ ಬೇರೆ ಹೆಣಿಗೆ. ಅಗ್ಗಕ್ಕೆ ಸಿಗುವುದು ಅಸಲಿ ಕ್ರೋಶಾನೇ ಆಗಿದ್ದರೆ, ಎಲ್ಲೋ ಒಬ್ಬ ಹೆಂಗಸು ಕಣ್ಣು, ಬೆರಳು ಸವೆಸಿ ಹಾಕಿದ್ದು, ಅವಳ ಕೂಲಿ ಯಾರೋ ನುಂಗಿದ್ದಾರೆ. ಇಂಥ ಚೀಲಕ್ಕೆ 150ರಿಂದ 200 ಗ್ರಾಂ ದಾರ ಹೋಗುತ್ತದೆ. ಮೊದಲು ದಾರದ ಬಿಲ್ಲು ತೋರಿಸಿ, ಆಮೇಲೆ ನೀವು ಕೂತ ಗಂಟೆಗಳ ಕೂಲಿ ಸೇರಿಸಿ ಬೆಲೆ ಹೇಳಿ. 150ಕ್ಕೆ ಕೊಡಬೇಡಿ.